ಖಲೀಲ್ ಭಾಯ್ ಮಗಳಿಗೆ ಕೂಡಿಸಿದ ಐದು ತಿಂಗಳು

ಖಲೀಲ್ ಭಾಯ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿಕೆಯೆಂದು ತಿಳಿಯಬೇಡಿ, ಐದು ವರ್ಷ ಪಕ್ಕದ ಮನೆಯಲ್ಲಿದ್ದು ಅನುಭವಿಸಿದವಳ ದೂರು ಇದು. ದೀಪಾವಳಿಗೆ ಮೈಸೂರು ಪಾಕ್ ಮಾಡಿ ತಟ್ಟೆಯಲ್ಲಿಟ್ಟು ಕೊಟ್ಟು ಹೇಗಿದೆ ಎಂದರೆ ಒಂದು ತುಂಡು ತಿಂದು, ಸ್ವಲ್ಪ ಯೋಚಿಸಿ, "ಎರಡು ನಿಮಿಷ ಮುಂಚೆ ಇಳಿಸ್ಬೇಕಿತ್ತು ಅಕ್ಕಾ" ಎನ್ನುವ ಮನುಷ್ಯ. ಹೆಂಡತಿ ಮೈಮೂನಾ ಹಿಂದಿನಿಂದ ಕಣ್ಸನ್ನೆ ಮಾಡಿದರೂ ತಲೆಗೆ ಹೋಗುವುದಿಲ್ಲ. "ಯಾಕೆ, ಅವರೇ ಕೇಳಿದ್ರಲ್ಲಾ?" ಎನ್ನುತ್ತಾರೆ.

ನಾವಿರುವುದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ. ಇಲ್ಲಿ ವಿಮಾನದ ಎಂಜಿನ್ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಖಲೀಲ್ ಭಾಯ್‌ದು ಅಳೆಯುವ ಕೆಲಸ. ನನ್ನ ಗಂಡ ರಮಾನಂದ ಅದೇ ವಿಭಾಗದಲ್ಲಿದ್ದಾರೆ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಖಲೀಲ್ ಭಾಯ್ ಆ ತುಂಡನ್ನು ಕೆಂಪು ಪೆಟ್ಟಿಗೆಗೆ ಹಾಕುತ್ತಾರಂತೆ. ಮೇಲಿನವರು ಬಂದು ಕೇಳಿದರೂ ಅಲ್ಲಿಂದ ತೆಗೆಯುವುದಿಲ್ಲವಂತೆ. ಹರಿಹರದಲ್ಲಿ ಹುಟ್ಟಿ, ಡಿಪ್ಲೊಮಾ ಓದಿ, ಲೇತ್ ಮೆಷಿನ್ ಮುಂದೆ ನಿಂತು ಕೈಕೆಲಸ ಕಲಿತವರು. ಮನೆಯಲ್ಲಿ ಅವರದು ಉರ್ದು, ನಮ್ಮೊಡನೆ ಕನ್ನಡ. ಮೊದಮೊದಲು 'ಹೋಗಾಣ, ಬರ್ರಿ' ಎನ್ನುತ್ತಿದ್ದರು. ನಮ್ಮ ಬೆಂಗಳೂರಿನ ಗುಂಪಿನಲ್ಲಿ ಯಾರೋ ನಕ್ಕ ಮೇಲೆ ಅದೂ ನಿಂತುಹೋಯಿತು.

ಅವರ ಮನೆಯ ಕಪಾಟಿನಲ್ಲಿ ನಾಲ್ಕು ಫೈಲುಗಳಿವೆ. ನೀಲಿ ಅವರದು, ಹಸಿರು ಮೈಮೂನಾದು, ಕೆಂಪು ಮಗಳು ಸಹರ್‌ದು, ಹಳದಿ ಏಳು ವರ್ಷದ ಮಗ ಫಾರೂಕ್‌ದು. ಲಸಿಕೆಯ ಚೀಟಿಯಿಂದ ಹಿಡಿದು ಲೈಬ್ರರಿ ಕಾರ್ಡಿನ ನಕಲಿನವರೆಗೆ ಎಲ್ಲ ಕಾಗದವೂ ಅದರಲ್ಲಿ ದಿನಾಂಕದ ಪ್ರಕಾರ ಕೂತಿರುತ್ತದೆ. "ಈ ದೇಶದಲ್ಲಿ ಪೇಪರ್ ಸರಿ ಇದ್ರೆ ಯಾರೂ ಏನೂ ಮಾಡಕ್ಕಾಗಲ್ಲ ಅಕ್ಕಾ" ಎಂದು ನನಗೇ ಎಷ್ಟು ಸಲ ಉಪದೇಶ ಮಾಡಿದ್ದಾರೋ. ನಾನು ಕಾಗದಗಳನ್ನು ಅಕ್ಕಿ ಡಬ್ಬದ ಮೇಲೆ ಇಡುವವಳು.

ಅವರು ಮೊದಲ ಸಲ ಸ್ವೀಡನ್‌ಗೆ ಬಂದಾಗ ಸಹರ್‌ಗೆ ಒಂಬತ್ತು ವರ್ಷ. ಫಾರೂಕ್ ಹುಟ್ಟಿದ್ದು ಇಲ್ಲೇ. ಆಮೇಲೆ ಕೆಲಸಕ್ಕಿದ್ದ ಕಂಪನಿ ಮುಚ್ಚಿತು, ಕೋವಿಡ್ ಬಂತು, ಸಂಸಾರ ಕಟ್ಟಿಕೊಂಡು ಹರಿಹರಕ್ಕೆ ಹೋದರು. ಒಂದೂವರೆ ವರ್ಷದ ನಂತರ ಹೊಸ ಕೆಲಸ ಹಿಡಿದು ವಾಪಸ್ ಬಂದರೆ, ಇಲ್ಲಿ ನೆಲೆಸುವ ಪರ್ಮಿಟ್ಟಿನ ವರ್ಷಗಳ ಎಣಿಕೆ ಮತ್ತೆ ಒಂದರಿಂದ ಶುರು. ಕೊನೆಗೆ ಕಳೆದ ಆಗಸ್ಟ್‌ನಲ್ಲಿ ನಾಲ್ಕೂ ಜನರ ಕಾಯಂ ಪರ್ಮಿಟ್ಟಿಗೆ ಅರ್ಜಿ ಹಾಕಿದರು.

ಆ ಅರ್ಜಿಯಲ್ಲೊಂದು ಗಂಟಿತ್ತು. ತೀರ್ಮಾನ ಬರುವ ದಿನ ಸಹರ್‌ಗೆ ಹದಿನೆಂಟು ತುಂಬಿರದಿದ್ದರೆ ಅಪ್ಪ ಅಮ್ಮನ ಜೊತೆ ಅವಳಿಗೂ ಸಿಗುತ್ತದೆ. ತುಂಬಿದ್ದರೆ ಅವಳು ಬೇರೆ, ಅವಳ ದಾರಿ ಬೇರೆ, ಅವಳೊಬ್ಬಳನ್ನೇ ಭಾರತಕ್ಕೆ ಕಳಿಸಲೂಬಹುದು. ಹೀಗೆಂದು ಅವರ ವಕೀಲೆ ಹೇಳಿದ್ದಳು. ಸಹರ್‌ಗೆ ಹದಿನೆಂಟು ತುಂಬುವುದು ಫೆಬ್ರುವರಿ ಹನ್ನೆರಡಕ್ಕೆ. ಅಕ್ಟೋಬರ್ ಹೋಯಿತು, ಡಿಸೆಂಬರ್ ಹೋಯಿತು, ಜನವರಿಯೂ ಹೋಯಿತು. ಖಲೀಲ್ ಭಾಯ್ ದಿನಕ್ಕೆ ನಲವತ್ತು ಸಲ ಫೋನ್ ತೆಗೆದು ಅರ್ಜಿಯ ನಂಬರ್ ಹಾಕಿ ನೋಡುತ್ತಿದ್ದರು. ಅದು ನಲವತ್ತು ಸಲವೂ ಒಂದೇ ಮಾತು ಹೇಳುತ್ತಿತ್ತು: ಕಾಯಿರಿ.

ಈ ನಡುವೆ ಫಾರೂಕ್‌ನ ಜರ್ಮನಿ ಬಾಕಿ ಇತ್ತು. ಅವನಿಗೂ ನನ್ನ ಮಗ ಧ್ರುವ್‌ಗೂ ಬಾಯರ್ನ್ ಫುಟ್‌ಬಾಲ್ ತಂಡದ ಹುಚ್ಚು. ಬಾಯರ್ನ್ ಅಂದರೆ ನಾವು ಬವೇರಿಯಾ ಅನ್ನುತ್ತೇವಲ್ಲ, ಜರ್ಮನಿಯ ಆ ನಾಡು. ಫೆಬ್ರುವರಿಯ ಶಾಲಾ ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಖಲೀಲ್ ಭಾಯ್ ಹಿಂದಿನ ವರ್ಷವೇ ಮಾತು ಕೊಟ್ಟಿದ್ದರು. ಆದರೆ ಅರ್ಜಿ ಒಳಗಿರುವಾಗ ದೇಶದ ಗಡಿ ದಾಟಿದರೆ ಮತ್ತೆ ಒಳಗೆ ಬರಲು ಕಷ್ಟ. ಮಾತು ತಪ್ಪುವುದೂ ಅವರಿಂದಾಗದು, ಗಡಿ ದಾಟುವುದೂ ಆಗದು. ಹುಡುಕೀ ಹುಡುಕೀ ಉತ್ತರದ ಬೆಟ್ಟಗಳಲ್ಲಿ ಆಲ್ಪ್‌ಬೀ ಎಂಬ ಊರನ್ನು ಪತ್ತೆಮಾಡಿದರು. ಅಲ್ಲಿ ಯಾರೋ ಪುಣ್ಯಾತ್ಮ ಬವೇರಿಯಾದ ಬೆಟ್ಟದೂರನ್ನು ಹಾಗೆಯೇ ತಂದು ಕಟ್ಟಿದ್ದಾನೆ. ಅದೇ ತರದ ಮನೆ, ಅದೇ ತರದ ಬಾಜಾ ಬಜಂತ್ರಿ, ಗಡಿ ಮಾತ್ರ ಇಲ್ಲ.

"ಅದು ಜರ್ಮನಿನಾ ಪಪ್ಪಾ?" ಎಂದು ಫಾರೂಕ್ ಸ್ವೀಡಿಶ್‌ನಲ್ಲಿ ಕೇಳಿದ.

ಬೇರೆ ಯಾವ ಅಪ್ಪನಾದರೂ ಹೂಂ ಎಂದು ಮುಗಿಸುತ್ತಿದ್ದ. ಇವರು, "ಅಲ್ಲ. ಜರ್ಮನಿಯ ಮಾಡೆಲ್. ಸೈಜ್ ಮಾತ್ರ ಫುಲ್ ಸೈಜ್" ಎಂದರು. ಹುಡುಗನ ಮುಖ ಜೋತುಬಿತ್ತು.

ಮೈಮೂನಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ನೀವೂ ಬನ್ನಿ ರಾಜಿ ಅಕ್ಕಾ, ಪ್ಲೀಸ್. ಮನೇಲೇ ಇದ್ರೆ ಇವರು ಫೋನ್ ನೋಡಿ ನೋಡಿ ನಮ್ಮೆಲ್ಲರ ತಲೆ ಕೆಡಿಸ್ತಾರೆ" ಎಂದಳು. ರಮಾನಂದರಿಗೆ ರಜೆ ಇರಲಿಲ್ಲ. ನಾನು ಕೆಲಸ ಮಾಡುವ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಆ ವಾರ ಅರ್ಧ ಮಕ್ಕಳೂ ಬರುವುದಿಲ್ಲ. ಧ್ರುವ್‌ನನ್ನು ಕರೆದುಕೊಂಡು ಅವರ ಕಾರಿನಲ್ಲೇ ಹೊರಟೆ. ಭಾನುವಾರ ಹೋಗಿ ಬುಧವಾರ ಮಧ್ಯಾಹ್ನ ಹಿಂತಿರುಗುವುದೆಂದು ಮಾತಾಗಿತ್ತು. ಎಂಟು ಗಂಟೆಯ ದಾರಿ. ಚಪಾತಿ, ಚಟ್ನಿಪುಡಿ, ಚಿತ್ರಾನ್ನ, ಮೈಮೂನಾಳ ಖೀಮಾ ಎಲ್ಲ ಡಿಕ್ಕಿಯಲ್ಲಿತ್ತು. ಅಲ್ಲಿ ಸಿಗುವುದೆಲ್ಲ ಹಂದಿಯ ಸಾಸೇಜ್, ನಮ್ಮೆರಡು ಮನೆಗೂ ಆಗದು.

ಊರಿನ ಬಾಯಿಗೊಂದು ಗಡಿ ಇಟ್ಟಿದ್ದರು! ನಿಜವಾದ ಗಡಿ ಬೇಡವೆಂದು ಇಷ್ಟು ದೂರ ಬಂದವರಿಗೆ ಆಟದ ಗಡಿ. ನೀಲಿ ಬಿಳಿ ಪಟ್ಟೆಯ ಅಡ್ಡಗಂಬ, ಪಕ್ಕದಲ್ಲೊಂದು ಮರದ ಗೂಡು, ಅದರಲ್ಲಿ ಕಸೂತಿ ಕುಪ್ಪಸ, ನೆರಿಗೆ ಲಂಗ ತೊಟ್ಟು, ಕೆಳಗೆ ದಪ್ಪ ಉಣ್ಣೆಯ ಕಾಲುಚೀಲ ಏರಿಸಿಕೊಂಡ ಒಬ್ಬ ಹುಡುಗಿ. ಜರ್ಮನ್‌ನಲ್ಲಿ ಏನೋ ನಮಸ್ಕಾರ ಹೇಳಿ, ಮರುಕ್ಷಣವೇ "ಹೇಯ್ ಹೇಯ್" ಎಂದು ಸ್ವೀಡಿಶ್‌ಗೆ ಇಳಿದಳು. ಹದಿನೆಂಟರ ಒಳಗಿನವರಿಗೆಲ್ಲ ಆಲ್ಪ್‌ಬೀಯ ಪಾಸ್‌ಪೋರ್ಟ್ ಉಚಿತ. ಅಂಗೈಯಗಲದ ನೀಲಿ ಪುಸ್ತಕ. ಹೆಸರು, ಹುಟ್ಟಿದ ದಿನ ತಾವೇ ಬರೆದುಕೊಳ್ಳಬೇಕು, ಫೋಟೋದ ಜಾಗದಲ್ಲಿ ಮುಖ ತಾವೇ ಬಿಡಿಸಬೇಕು. ಒಳಗೆ ಬರುವಾಗ ಒಂದು ಮೊಹರು, ಹೊರಗೆ ಹೋಗುವಾಗ ಒಂದು.

ಧ್ರುವ್, ಫಾರೂಕ್ ಇಬ್ಬರೂ ಮುಗಿಬಿದ್ದರು. ಸಹರ್ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಾರಿನಲ್ಲೇ ಕೂತಿದ್ದಳು. ಫಾರೂಕ್ ಅವಳ ತೋಳು ಹಿಡಿದು ಎಳೆದು ತಂದ. "ಅಕ್ಕನಿಗೂ ಕೊಡಿ!"

ಗೂಡಿನ ಹುಡುಗಿ ಅವಳ ಎತ್ತರ ನೋಡಿ, "ಹದಿನೆಂಟರ ಒಳಗಾ?" ಎಂದಳು.

"ಬುಧವಾರದವರೆಗೆ" ಎಂದರು ಖಲೀಲ್ ಭಾಯ್. ಹುಡುಗಿ ಜೋಕೆಂದು ತಿಳಿದು ನಕ್ಕಳು. ಸಹರ್ ಪುಸ್ತಕ ತೆಗೆದುಕೊಂಡು, ಬೆನ್ನು ತಿರುಗಿಸಿ ನಿಂತು ಏನೋ ಬರೆದು, ಮೊಹರು ಹಾಕಿಸಿಕೊಂಡು ಜೇಬಿಗೆ ತುರುಕಿದಳು.

ಊರು ಚೆನ್ನಾಗಿಲ್ಲವೆಂದು ಹೇಳಲಾರೆ. ಗೋಡೆಗಳ ಮೇಲೆ ಚಿತ್ರ, ಮರದ ಬಾಲ್ಕನಿಗಳಲ್ಲಿ ಹಿಮದ ಕೆಳಗಿಂದ ಇಣುಕುವ ಪ್ಲಾಸ್ಟಿಕ್ ಹೂವು, ಚೌಕದಲ್ಲೊಂದು ಗಡಿಯಾರದ ಗೋಪುರ. ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಆ ಗೋಪುರದ ಬಾಗಿಲು ತೆರೆದು ಮರದ ಗಂಡು ಹೆಣ್ಣು ಗೊಂಬೆಗಳು ಸುತ್ತು ಹಾಕಿ ಕುಣಿದು ಒಳಗೆ ಹೋಗುತ್ತವೆ. ಸೋಮವಾರ, ಮಂಗಳವಾರ ಮಕ್ಕಳು ಬೆಟ್ಟದಲ್ಲಿ ಜಾರಿ, ಬಿದ್ದು, ಒದ್ದೆಯಾಗಿ ಬಂದರು. ಖಲೀಲ್ ಭಾಯ್ ಕುಣಿಯುವ ಗೊಂಬೆಗಳನ್ನೇ ದಿಟ್ಟಿಸಿ, "ಮೂರನೇ ಜೋಡಿ ಸ್ವಲ್ಪ ಔಟ್ ಇದೆ" ಎಂದರು.

ಮಂಗಳವಾರ ಸಂಜೆ ಗಾಳಿ ಎದ್ದಿತು. ಬುಧವಾರ ಬೆಳಿಗ್ಗೆ ಪರದೆ ಸರಿಸಿದರೆ ಕಾರು ಕಾಣುತ್ತಿಲ್ಲ. ಕಾರಿದ್ದ ಜಾಗದಲ್ಲೊಂದು ಬಿಳಿ ದಿಬ್ಬ. ಕೆಳಗಿನ ರಸ್ತೆ ಮುಚ್ಚಿದೆ, ಯಾವಾಗ ತೆರೆಯುತ್ತದೋ ಹೇಳಲಾಗದು ಎಂದು ಮನೆ ಬಾಡಿಗೆಗೆ ಕೊಟ್ಟವನು ಬಾಗಿಲು ತಟ್ಟಿ ಹೇಳಿಹೋದ. ಅವನು ತುಂಡು ಚರ್ಮದ ಚಡ್ಡಿ ತೊಟ್ಟಿದ್ದ, ಮೊಣಕಾಲಿನವರೆಗೆ ಹಿಮ ಮೆತ್ತಿತ್ತು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಫೋನಿನ ಸಿಗ್ನಲ್ಲೂ ಹೋಗಿತ್ತು. ಊರಿಗೆಲ್ಲ ಒಂದೇ ಕಡೆ, ಗಡಿಯಾರದ ಗೋಪುರದ ಬುಡದಲ್ಲಿ, ಎರಡು ಗೆರೆ ಬರುತ್ತಿತ್ತು. ಖಲೀಲ್ ಭಾಯ್ ಜಾಕೆಟ್ ಹಾಕಿಕೊಂಡು ಒಂಬತ್ತಕ್ಕೆ ಹೋಗಿ ಅಲ್ಲಿ ನಿಂತರು. ಅವತ್ತು ಹನ್ನೊಂದನೇ ತಾರೀಖು. ವಲಸೆ ಇಲಾಖೆಯ ದಿನ ನಾಲ್ಕು ಗಂಟೆಗೆ ಮುಗಿಯುತ್ತದೆ, ಅಷ್ಟರಲ್ಲಿ ಬಂದರೆ ಬಂತು ಎಂದು ವಕೀಲೆ ಹೇಳಿದ್ದಳು.

ಚೌಕದ ಎದುರಿನ ದೊಡ್ಡ ಬಿಯರ್ ಮನೆಯಲ್ಲಿ, ಸಿಕ್ಕಿಬಿದ್ದ ಊರೆಲ್ಲ ಬಂದು ಕೂತಿತ್ತು. ನಾವೂ ಕಿಟಕಿಯ ಪಕ್ಕದ ಮೇಜು ಹಿಡಿದು ಬಿಸಿ ಚಾಕೊಲೇಟ್ ತರಿಸಿದೆವು. ಹಿತ್ತಾಳೆ ತುತ್ತೂರಿಯವರು ಬೇರೆ ಕೆಲಸವಿಲ್ಲದೆ ಒಂದೇ ಸಮ ಊದುತ್ತಿದ್ದರು. ಕಿಟಕಿಯಾಚೆ ಹಿಮದಲ್ಲಿ ಖಲೀಲ್ ಭಾಯ್ ಫೋನ್ ಎತ್ತಿ ಹಿಡಿದು ನಿಂತಿದ್ದು ಕಾಣುತ್ತಿತ್ತು. ಹನ್ನೊಂದಾಯಿತು, ಅವರ ತಲೆಯ ಮೇಲೆ ಗೊಂಬೆಗಳು ಕುಣಿದವು. ಅವರು ಮೇಲೆ ನೋಡಲಿಲ್ಲ.

"ಪಾಪ, ಒಂದೇ ಒಂದು ದಿನ. ಒಂದು ದಿನ ಲೇಟಾಗಿ ಹುಟ್ಟಿದ್ರೆ ಇನ್ನೊಂದು ದಿನ ಟೈಮ್ ಸಿಕ್ತಿತ್ತು" ಎಂದೆ, ಏನಾದರೂ ಹೇಳಬೇಕೆಂದು.

ಮೈಮೂನಾ ಕಪ್ಪನ್ನು ಮೇಜಿನ ಮೇಲಿಟ್ಟಳು. "ಲೇಟಾಗೇ ಹುಟ್ಟಿದ್ದು ಅಕ್ಕಾ. ಅವಳು ಹುಟ್ಟಿದ್ದು ಜುಲೈ ಹದಿನೆಂಟಕ್ಕೆ."

ನನಗೆ ಮೊದಲು ತಲೆಗೆ ಹತ್ತಲಿಲ್ಲ. ಆಮೇಲೆ ನೆನಪಾಯಿತು, ನಾಲ್ಕು ವರ್ಷವೂ ಜುಲೈಯಲ್ಲಿ ಅವರ ಮನೆಯಲ್ಲಿ ಸಹರ್ ಹೆಸರಿನಲ್ಲಿ ಬಿರಿಯಾನಿ ತಿಂದಿದ್ದೇನೆ. ಚಳಿಗಾಲದಲ್ಲಿ ಜನ ಸೇರಿಸುವುದು ಕಷ್ಟ, ಅದಕ್ಕೇ ಹುಟ್ಟುಹಬ್ಬದ ಊಟವನ್ನು ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಚೆನ್ನಾಗಿ ತಿಂದು, ಯಾಕೆಂದು ಕೇಳಲೂ ಇಲ್ಲ.

ಮೈಮೂನಾ ಹೇಳುತ್ತಾ ಹೋದಳು. ಹೆರಿಗೆ ತವರೂರು ರಾಣೆಬೆನ್ನೂರಿನ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ. ಜನನ ಪ್ರಮಾಣಪತ್ರ ಮಾಡಿಸುವುದು ಇವತ್ತು ನಾಳೆ ಎಂದು ಉಳಿದುಹೋಗಿತ್ತು. ಎಲ್‌ಕೆಜಿಗೆ ಸೇರಿಸಲು ಹೋದಾಗ, ಆ ಶಾಲೆಯಲ್ಲಿ ಜೂನ್ ಒಂದಕ್ಕೆ ನಾಲ್ಕು ತುಂಬಿರಬೇಕು ಎಂದರು. ಸಹರ್‌ಗೆ ನಲವತ್ತೇಳು ದಿನ ಕಡಿಮೆ. ಒಂದು ವರ್ಷ ಸುಮ್ಮನೆ ಹಾಳಾಗುತ್ತದಲ್ಲ ಎಂದು ಮನೆಯವರೆಲ್ಲ ಹೇಳಿದರು. ಖಲೀಲ್ ಭಾಯ್ ಮೂರು ದಿನ ಒಪ್ಪಲಿಲ್ಲ. ನಾಲ್ಕನೇ ದಿನ ಅಫಿಡವಿಟ್‌ಗೆ ಸಹಿ ಹಾಕಿದರು.

"ಮೇ ಅಂತ ಹಾಕಿದ್ರೂ ಸಾಕಿತ್ತಕ್ಕಾ. ಬರೆಸಿಕೊಟ್ಟ ಹೊನ್ನಪ್ಪ ಅಂತ ಒಬ್ಬ ಏಜೆಂಟ್, 'ಎಂಜಿನಿಯರ್ ಸಾಹೇಬ್ರೆ, ಸ್ವಲ್ಪ ಮಾರ್ಜಿನ್ ಇರ್ಲಿ, ಫೆಬ್ರುವರಿ ಹಾಕ್ತೀನಿ' ಅಂದ. ಮಾರ್ಜಿನ್ ಅಂದ್ರೆ ಇವರಿಗೆ ಗೊತ್ತಲ್ಲಾ, ಇಷ್ಟ. ಹೂಂ ಅಂದ್ಬಿಟ್ರು."

ನನಗೆ ಸಿಟ್ಟು ಬಂತು, ನಗುವೂ ಬಂತು. ಯಾರ ಮೇಲೆ ಸಿಟ್ಟಾಗಲಿ? ನನ್ನ ಗಂಡನೇ ಕಾಗದದ ಮೇಲೆ ಜೂನ್ ಒಂದರಂದು ಹುಟ್ಟಿದವರು. ನಿಜಕ್ಕೂ ಹುಟ್ಟಿದ್ದು ದಸರಾ ಕಳೆದು ಎರಡು ದಿನಕ್ಕೆ. ನಮ್ಮ ಸ್ನೇಹಿತರಲ್ಲಿ ಕಾಲು ಪಾಲು ಜನರ ಹುಟ್ಟುಹಬ್ಬ ಜೂನ್ ಒಂದು. ಆಫೀಸಿನವರು ಅವತ್ತು ಫಿಕಾಗೆ, ಅಂದರೆ ಇವರ ಕಾಫಿ ಹೊತ್ತಿಗೆ, ಕೇಕ್ ತಂದು ಹಾಡು ಹೇಳಿದಾಗ ರಮಾನಂದ ಬೆಪ್ಪರ ಹಾಗೆ ನಿಂತು ಥ್ಯಾಂಕ್ಸ್ ಹೇಳುತ್ತಾರೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬಾಯಿಗೆ ಬಂದ ತಾರೀಖು ಬರೆದುಕೊಳ್ಳುತ್ತಿದ್ದರು, ನಮಗದು ತಪ್ಪೆಂದು ಯಾವತ್ತೂ ಅನಿಸಿದ್ದಿಲ್ಲ. ಆದರೆ ಈ ದೇಶದಲ್ಲಿ ಮನುಷ್ಯನ ನಂಬರು ಶುರುವಾಗುವುದೇ ಹುಟ್ಟಿದ ತಾರೀಖಿನಿಂದ. ಆ ನಂಬರಿಲ್ಲದೆ ತಲೆನೋವಿನ ಔಷಧಿಯ ಚೀಟಿಯೂ ಸಿಗುವುದಿಲ್ಲ. ಸಹರ್ ಒಂಬತ್ತನೇ ವಯಸ್ಸಿನಿಂದ ಹೋದಲ್ಲೆಲ್ಲ ಅಪ್ಪ ಕೊಟ್ಟ ಫೆಬ್ರುವರಿ ಹನ್ನೆರಡನ್ನೇ ಹೇಳುತ್ತಾ ಬಂದಿದ್ದಾಳೆ.

ನಾನು ಎದ್ದೆ. ಜಾಕೆಟ್ಟಿನ ಗುಂಡಿಯನ್ನೂ ಹಾಕದೆ ಗೋಪುರದ ಬುಡಕ್ಕೆ ಹೋದೆ. ಅವರ ಹುಬ್ಬಿನ ಮೇಲೆ ಹಿಮ ಕೂತಿತ್ತು.

"ಖಲೀಲ್ ಭಾಯ್, ಮೈಮೂನಾ ಎಲ್ಲಾ ಹೇಳಿದ್ಲು. ಇನ್ನೂ ಯಾಕೆ ಸುಮ್ನಿದೀರಿ? ಇದು ತಪ್ಪಾಗಿದೆ, ನಿಜವಾದ ಡೇಟ್ ಇದು ಅಂತ ಬರೆದು ಕಳಿಸಿ!"

"ನರ್ಸಿಂಗ್ ಹೋಮ್ ಚೀಟಿ ಇದೆ. ಮೈಮೂನಾ ಇಟ್ಕೊಂಡಿದಾಳೆ" ಎಂದರು, ಫೋನಿನಿಂದ ಕಣ್ಣು ತೆಗೆಯದೆ.

"ಮತ್ತೆ?"

"ಆ ಬರ್ತ್ ಸರ್ಟಿಫಿಕೇಟ್ ಕೊಟ್ಟಿದ್ದು ನಾನು. ಸತ್ಯ ಅಂತ ಸೈನ್ ಮಾಡಿದ್ದು ನಾನು. ಅದು ಸುಳ್ಳು ಅಂತ ನಾನೇ ಹೇಳಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಮದುವೆ ಸರ್ಟಿಫಿಕೇಟು, ಡಿಪ್ಲೊಮಾ, ಎಕ್ಸ್‌ಪೀರಿಯನ್ಸ್ ಲೆಟರ್. ಒಂದು ಪೀಸ್ ರಿಜೆಕ್ಟ್ ಆದ್ರೆ ನಾನು ಏನ್ ಮಾಡ್ತೀನಿ ಗೊತ್ತಾ ಅಕ್ಕಾ? ಆ ಬ್ಯಾಚ್ ಪೂರ್ತಿ ನಿಲ್ಲಿಸ್ತೀನಿ." ಹುಬ್ಬಿನ ಹಿಮ ಒರೆಸಿಕೊಂಡರು. "ಹೇಳಿದ್ರೆ ನಾಲ್ಕು ಜನ ಹೋಗಬಹುದು. ಹೇಳದಿದ್ರೆ ಒಬ್ಳು. ಆ ಒಬ್ಳನ್ನ ಇಂಥ ಜಾಗಕ್ಕೆ ತಂದು ನಿಲ್ಲಿಸಿದ್ದು ನಾನೇ."

ಸುತ್ತಲೂ ಚಿತ್ರ ಬರೆದ ಗೋಡೆಗಳು, ಮುಂದೆ ಮುಚ್ಚಿದ ರಸ್ತೆ, ಒಳಗೆ ನಿಲ್ಲದ ತುತ್ತೂರಿ. ಹೇಗಾದರೂ ಇಲ್ಲಿಂದ ಓಡಿಹೋಗಬೇಕೆನಿಸಿತು. ಓಡಲು ಮೊಣಕಾಲುದ್ದದ ಹಿಮ ಬಿಡುತ್ತಿರಲಿಲ್ಲ.

ಸಹರ್ ಒಂದು ಕಪ್ ಚಹಾ ಹಿಡಿದು ಬಂದಳು. ಇಲ್ಲಿಯ ಹುಡುಗಿಯರ ಹಾಗೆಯೇ ಸ್ವೀಡಿಶ್ ಮಾತಾಡುವ, ನಾನು ಶನಿವಾರ ಶನಿವಾರ ಕೂರಿಸಿಕೊಂಡು ಕಾಗುಣಿತ ಕಲಿಸಿದ ಹುಡುಗಿ. ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡು ಅಲ್ಲಿ ಕಪ್ ಇಟ್ಟಳು.

"ಕುಡೀರಿ ಪಪ್ಪಾ. ನಾನು ನೋಡ್ತಾ ಇರ್ತೀನಿ." ನನ್ನ ಕಡೆ ತಿರುಗಿ, "ರಾಜಿ ಆಂಟಿ, ಅವರನ್ನ ಬೈಬೇಡಿ. ನಂಗೆ ಚಿಕ್ಕವಳಿದ್ದಾಗಿಂದ ಗೊತ್ತು. ಎರಡು ಬರ್ತ್‌ಡೇ ಇರೋದು ಲಕ್ಕಿ ಅಂತ ಕ್ಲಾಸಲ್ಲಿ ಜಂಬ ಹೊಡೀತಿದ್ದೆ" ಎಂದಳು. ನಗಲು ಹೋಗಿ ಆಗಲಿಲ್ಲ. "ನಂಗೆ ಭಯ ಆಗ್ತಿದೆ ಆಂಟಿ. ಹರಿಹರದಲ್ಲಿ ನಾನು ಒಬ್ಳೇ ಏನ್ ಮಾಡ್ಲಿ?"

ಮಧ್ಯಾಹ್ನವೆಲ್ಲ ನಾವು ಸರದಿಯ ಮೇಲೆ ಗೋಪುರದ ಬುಡದಲ್ಲಿ ನಿಂತೆವು. ಮೂರಕ್ಕೆ ಬೆಳಕು ಮಾಸತೊಡಗಿತು. ಮೂರೂವರೆಗೆ ಖಲೀಲ್ ಭಾಯ್ ಮತ್ತೆ ಫೋನ್ ಕೈಗೆ ತೆಗೆದುಕೊಂಡರು. ಮೂರು ಐವತ್ತಕ್ಕೆ ಮೈಮೂನಾ ಬಂದು ಮಗಳ ಕೈ ಹಿಡಿದು ನಿಂತಳು, ಅವಳ ತುಟಿ ಅಲುಗುತ್ತಿತ್ತು. ನಾನೂ ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಫಾರೂಕ್ ಮತ್ತು ಧ್ರುವ್ ಗೊಂಬೆ ನೋಡಲು ಓಡಿ ಬಂದರು.

ನಾಲ್ಕು ಹೊಡೆಯಿತು. ಬಾಗಿಲು ತೆರೆಯಿತು, ಗೊಂಬೆಗಳು ಹೊರಗೆ ಬಂದು ಕುಣಿದವು. ಮೂರನೇ ಜೋಡಿ ನಿಜಕ್ಕೂ ಒಂದು ಹೆಜ್ಜೆ ಹಿಂದಿತ್ತು. ಮಕ್ಕಳಿಬ್ಬರೂ ಚಪ್ಪಾಳೆ ತಟ್ಟಿದರು. ಗೊಂಬೆಗಳು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೂ ಖಲೀಲ್ ಭಾಯ್ ಇನ್ನೂ ಹತ್ತು ನಿಮಿಷ ಫೋನ್ ಒತ್ತುತ್ತಲೇ ಇದ್ದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, "ಬನ್ನಿ, ಊಟ ಮಾಡೋಣ" ಎಂದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ರಸ್ತೆ ತೆರೆಯಿತು. ಹನ್ನೆರಡನೇ ತಾರೀಖು. ಯಾರೂ ಸಹರ್‌ಗೆ ಶುಭಾಶಯ ಹೇಳಲಿಲ್ಲ. ಹಿಮ ತೋಡಿ, ಕಾರು ಹೊರಗೆ ತೆಗೆದು ಹೊರಟೆವು. ಊರಿನ ಬಾಯಿಯಲ್ಲಿ ಅದೇ ಪಟ್ಟೆಯ ಅಡ್ಡಗಂಬ, ಅದೇ ಹುಡುಗಿ. ಹೊರಗೆ ಹೋಗುವ ಮೊಹರು ಹಾಕಿಸದೆ ಬರುವುದಿಲ್ಲವೆಂದು ಫಾರೂಕ್ ಹಟ ಹಿಡಿದ. ಎಲ್ಲರೂ ಇಳಿದೆವು.

ಮಗು ಗಡಿ ದಾಟಬೇಕಾದರೆ ಪುಸ್ತಕದಲ್ಲಿ ದೊಡ್ಡವರ ಸಹಿ ಬೇಕು, ಅದೂ ಆಟದ ಒಂದು ಭಾಗ. ಧ್ರುವ್‌ದಕ್ಕೆ ನಾನು ಸಹಿ ಮಾಡಿದೆ, ಫಾರೂಕ್‌ದಕ್ಕೆ ಖಲೀಲ್ ಭಾಯ್. ಹುಡುಗಿ ಸಹರ್ ಕಡೆ ಕೈ ಚಾಚಿದಳು.

"ಇವಳಿಗೆ ಬೇಡ" ಎಂದರು ಖಲೀಲ್ ಭಾಯ್ ಸ್ವೀಡಿಶ್‌ನಲ್ಲಿ. "ಇವತ್ತು ಹದಿನೆಂಟು ತುಂಬಿತು. ನಿಮ್ಮ ರೂಲ್ ಪ್ರಕಾರ ಬರಲ್ಲ."

ನನಗೆ ಅವರನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂತು. ಆಟದ ಗಡಿಯಲ್ಲೂ ನಿಯಮ ಹೇಳುವ ಮನುಷ್ಯ! ಸಹರ್ ಜೇಬಿನಿಂದ ಪುಸ್ತಕ ತೆಗೆದು ಕೊಟ್ಟಳು. ಹುಡುಗಿ ತೆರೆದು ನೋಡಿದಳು.

"ಇಲ್ಲಿ ಜುಲೈ ಹದಿನೆಂಟು ಅಂತ ಇದೆಯಲ್ಲ!" ಎಂದು ನಕ್ಕಳು. "ಅಪ್ಪನಿಗೆ ಮಗಳ ಹುಟ್ಟುಹಬ್ಬವೇ ಮರೆತುಹೋಯಿತಾ? ಇನ್ನೂ ಹದಿನೇಳೇ. ಇಲ್ಲಿ ಸಹಿ ಮಾಡಿ."

ಖಲೀಲ್ ಭಾಯ್ ಪುಸ್ತಕ ಕೈಗೆ ತೆಗೆದುಕೊಂಡರು. ತನ್ನ ಮುಖವನ್ನು ಅವಳು ಎರಡು ಚುಕ್ಕಿ, ಒಂದು ಗೆರೆಯಲ್ಲಿ ಬಿಡಿಸಿದ್ದಳು. ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ಹೆಸರು, ಅದರ ಕೆಳಗೆ ದಿನ, ತಿಂಗಳು, ವರ್ಷ. ಅವಳು ಹುಟ್ಟಿದ ನಿಜವಾದ ದಿನ. ಅವರು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮದೇ ಪೆನ್ ತೆಗೆದು, ದೊಡ್ಡ ದೊಡ್ಡ ಅರ್ಜಿಗಳಿಗೆ ಹಾಕುವ ಪೂರ್ತಿ ಸಹಿಯನ್ನು ನಿಧಾನವಾಗಿ ಹಾಕಿದರು. ಹಾಕಿ ಮುಗಿಸಿ, ಆ ಗೂಡಿನ ಕಟ್ಟೆಗೆ ತಲೆಯೊರಗಿಸಿ ಅತ್ತರು. ಜೋರಾಗಿ, ನಾಚಿಕೆ ಬಿಟ್ಟು ಅತ್ತರು. ಪಾಪದ ಹುಡುಗಿ ತಾನೇನು ತಪ್ಪು ಮಾಡಿದೆನೋ ಎಂದು ಹೆದರಿಹೋದಳು. ಸಹರ್ ಅಪ್ಪನ ಬೆನ್ನು ಸವರುತ್ತಾ, "ಪಪ್ಪಾ, ಸಾಕು. ಹಿಂದೆ ಕಾರುಗಳು ಕಾಯ್ತಿವೆ" ಎಂದಳು.

ತೀರ್ಮಾನ ಬಂದಿದ್ದು ಮಾರ್ಚ್ ಐದಕ್ಕೆ. ಮೂರು ಜನರಿಗೆ ಕಾಯಂ ಪರ್ಮಿಟ್ ಸಿಕ್ಕಿತು. ಸಹರ್‌ಗೆ ಸಿಗಲಿಲ್ಲ. ಅವಳು ದೊಡ್ಡವಳಾದ್ದರಿಂದ ಅಪ್ಪ ಅಮ್ಮನ ಪರ್ಮಿಟ್ಟಿನಲ್ಲಿ ಅವಳಿಗೆ ಹಕ್ಕಿಲ್ಲ, ನಾಲ್ಕು ವಾರದಲ್ಲಿ ದೇಶ ಬಿಡಬೇಕು ಎಂದಿತ್ತು.

ವಾಪಸ್ ಬಂದ ದಿನವೇ ಖಲೀಲ್ ಭಾಯ್ ಆ ಆಟದ ಪಾಸ್‌ಪೋರ್ಟನ್ನು ಕೆಂಪು ಫೈಲಿನಲ್ಲಿ, ಜನನ ಪ್ರಮಾಣಪತ್ರದ ಮುಂದೆ ಸೇರಿಸಿದ್ದರು. ತೀರ್ಮಾನ ಓದಿದ ಸಂಜೆ ಅವರು ನಮ್ಮ ಮನೆಗೆ ಬಂದು, ಮೇಲ್ಮನವಿಗೆ ಬರೆದ ಪತ್ರವನ್ನು ಒಮ್ಮೆ ಓದಿ ಎಂದು ನನ್ನ ಮುಂದಿಟ್ಟರು. ಮಗಳ ಹುಟ್ಟಿದ ದಿನವನ್ನು ತಾನು ಸುಳ್ಳು ಬರೆಸಿದೆ, ಅದು ಅವಳ ತಪ್ಪಲ್ಲ, ಅವಳ ತಾಯಿಯ ತಪ್ಪೂ ಅಲ್ಲ, ಸಹಿ ತನ್ನದು ಎಂದು ಶುರುವಾಗುತ್ತಿತ್ತು. ಜೊತೆಗೆ ನರ್ಸಿಂಗ್ ಹೋಮ್ ಚೀಟಿ.

"ಹುಚ್ಚಾ ನಿಂಗೆ? ನೀವು ಮೂವರಾದ್ರೂ ಇಲ್ಲಿರಿ, ಅವಳಿಗೆ ಬೇರೆ ದಾರಿ ನೋಡೋಣ" ಎಂದು ರಮಾನಂದ ಕೂಗಾಡಿದರು. ವಕೀಲೆಯೂ ಯೋಚಿಸಿ ಎಂದಳಂತೆ. ಸಹರ್ ಪತ್ರ ಕಿತ್ತುಕೊಳ್ಳಲು ಹೋಗಿ, ನಾನು ಹೋಗ್ತೀನಿ, ಫಾರೂಕ್ ಇಲ್ಲಿರ್ಲಿ ಎಂದು ಅತ್ತಳಂತೆ. ಅವರು ಕೇಳಲಿಲ್ಲ. ಕಳಿಸಿಬಿಟ್ಟರು.

ಸಹರ್ ಹೋಗುವುದು ಸದ್ಯಕ್ಕೆ ನಿಂತಿದೆ. ಬದಲಿಗೆ ನಾಲ್ಕೂ ಜನರ ಫೈಲು ಮತ್ತೆ ತೆರೆದಿದೆ. ಈಗ ಎಲ್ಲರೂ ಕಾಯುತ್ತಿದ್ದಾರೆ, ಯಾರೂ ಗಡಿ ದಾಟುವಂತಿಲ್ಲ. ಫಾರೂಕ್ ಜರ್ಮನಿ ಯಾವಾಗ ಎಂದು ಕೇಳುವುದನ್ನು ಬಿಟ್ಟಿದ್ದಾನೆ. ಖಲೀಲ್ ಭಾಯ್ ಮಾತ್ರ ಮೊದಲಿ‌ಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾರೆಂದು ಮೈಮೂನಾ ಹೇಳುತ್ತಾಳೆ. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಪತ್ರ ಓದಿಯೂ ನಾನು ಕಳಿಸಬೇಡಿ ಎನ್ನಲಿಲ್ಲವಲ್ಲ, ನನ್ನ ಮೇಲೂ ಇದೆ.

ನಾಳೆ ಜುಲೈ ಹದಿನೆಂಟು. ಬಿರಿಯಾನಿ ಮೈಮೂನಾದು, ಕೇಕ್ ನನ್ನದು. ಇವತ್ತು ಬೇಕರಿಗೆ ಹೋಗಿದ್ದೆ. ಎಷ್ಟು ಮೇಣದಬತ್ತಿ ಕೊಡಲಿ ಎಂದು ಅಂಗಡಿಯವಳು ಕೇಳಿದಳು. ಹದಿನೆಂಟು, ಎಂದೆ.